ದೋಣಿಯ ಪಾಲು

ಪಠ್ಯದಲ್ಲಿತ್ತು:
ಐವರು ಮೀನುಗಾರರು ಹಿಡಿದದ್ದು ಮೂವತ್ತೈದು ಮೀನು.
ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು?

ಪಂಗಾನಿಯ ಶಾಲೆ, ಮೂರನೆಯ ತರಗತಿ, ಬೆಂಚಿಗೆ ನಾಲ್ವರು.
ಕಿಟಕಿಗೆ ಕದವಿಲ್ಲ, ಆದ್ದರಿಂದ ಕಡಲೂ ಹಾಜರು.
ಹಲಗೆಯ ಮೇಲೆ ಉದ್ದನೆಯ ಪಟ್ಟಿ ಎಳೆದೆ,
ಅದರೊಳಗೆ ಐದು ಮನೆ ಮಾಡಿದೆ.
"ಭಾಗಿಸುವುದೆಂದರೆ ಜಗಳವಿಲ್ಲದೆ ಪಾಲಾಗುವುದು."
ಮಾತು ನನಗೇ ಹಿಡಿಸಿ ಎರಡು ಸಲ ಹೇಳಿದೆ.

ನಾನು ಡೊಡೊಮಾದ ಕಡೆಯವಳು. ನಮ್ಮಲ್ಲಿ ಮೀನೆಂದರೆ
ಒಣಗಿ, ಉಪ್ಪಾಗಿ, ಹಳೆಯ ಪೇಪರು ಸುತ್ತಿಕೊಂಡು
ಬಸ್ಸಿನ ನೆತ್ತಿಯ ಮೇಲೆ ಬರುವ ಸಂಗತಿ.
ವರ್ಗವಾಗಿ ಬಂದು ಏಳು ತಿಂಗಳು.
ಅಲೆಯ ಸದ್ದಿಗೆ ಇನ್ನೂ ನಡುರಾತ್ರಿ ಎಚ್ಚರವಾಗುತ್ತದೆ.

ಎಲ್ಲರದೂ ಏಳು. ಕೆಲವರದು ನಕಲು, ಇರಲಿ.
ಹೆಮೆದಿಯದು ಮಾತ್ರ ಐದು.
ಅವನ ಪಟ್ಟಿಯಲ್ಲಿ ಏಳು ಮನೆ,
ಮನೆಗೆ ಐದೈದು ಚುಕ್ಕಿ, ಅಳಿಸಿ ಬರೆದ ಗುರುತೇ ಇಲ್ಲ.
ಕೆಂಪು ಶಾಯಿಯಲ್ಲಿ ಗೀಟು ಹಾಕಿದೆ.
"ಮೀನುಗಾರರು ಎಷ್ಟು ಜನ?"
"ಐದು, ಮ್ವಾಲಿಮು."
"ಮತ್ತೆ ಈ ಎರಡು ಮನೆ ಯಾರದು?"
ನನ್ನನ್ನೇ ನೋಡಿದ,
ಚಿಕ್ಕ ತಂಗಿಗೆ ಬಿಡಿಸಿ ಹೇಳುವವನ ಹಾಗೆ:
"ಒಂದು ದೋಣಿಯದು. ಒಂದು ಬಲೆಯದು."

ಯಾರೂ ನಗಲಿಲ್ಲ.
ನಗಬೇಕಿತ್ತಲ್ಲ, ಎಂದುಕೊಂಡೆ.
ಏಳು ಬರೆದವರೆಲ್ಲ ರಬ್ಬರು ಹುಡುಕತೊಡಗಿದ್ದರು.

ಸಂಜೆ, ನೀರಿಳಿದ ಹೊತ್ತು, ದಂಡೆಗೆ ಹೋದೆ.
ಮರಳ ಮೇಲೆ ಅವನ ಚಿಕ್ಕಪ್ಪ ಮೀನೆಸೆಯುತ್ತಿದ್ದ,
ಬಾಯಲ್ಲಿ ಅಂಕಿಯೇ ಇಲ್ಲ:
ನಿನಗೆ, ನಿನಗೆ, ನಿನಗೆ, ನಿನಗೆ, ನನಗೆ,
ಇವಳಿಗೆ, ಎಂದು ದೋಣಿಯ ಪಕ್ಕೆ ತಟ್ಟಿದ,
ಆ ಹರಕಲಿಗೆ, ಎಂದು ಬಲೆಯತ್ತ ಒಂದು.
ದೋಣಿಯ ಪಾಲು ಮಾರಿದರೆ ಸಂದಿಗೆ ತುಂಬುವ ಹತ್ತಿ, ಎಣ್ಣೆ.
ಬಲೆಯ ಪಾಲಿಗೆ ನೂಲು.
ನಮ್ಮ ಪುಸ್ತಕ ಇವರಿಬ್ಬರನ್ನೂ
ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಿಬಿಟ್ಟಿತ್ತು.

ಹಂಚಿ ಮುಗಿದರೂ ಎರಡು ಮಿಕ್ಕಿದವು.
ಯಾರೂ ಅತ್ತ ನೋಡಲಿಲ್ಲ.
ದೂರದಲ್ಲಿ ಬುಟ್ಟಿಯಿಟ್ಟು ಕೂತಿದ್ದ ಮುದುಕಿ
ಮಂಡಿಗೆ ಕೈಕೊಟ್ಟು ಎದ್ದಳು,
ಎತ್ತಿಕೊಂಡಳು, ಮಾತಿಲ್ಲದೆ ನಡೆದಳು.
ಇಷ್ಟು ವರ್ಷ ಅದನ್ನು ಶೇಷ ಎಂದು ಕರೆದು
ಮೂಲೆಯಲ್ಲಿ ಬರೆಸುತ್ತಿದ್ದೆ.
ಅದರ ಹೆಸರು ಬಿ ಸಿಕುಜುವಾ.

ಮರುದಿನ ಹೆಮೆದಿಯ ಗೀಟಿನ ಪಕ್ಕ 'ಸರಿ' ಎಂದು ಬರೆದೆ.
ಬೇರೆ ಶಾಯಿ ಇರಲಿಲ್ಲ, ಅದೂ ಕೆಂಪೇ.
"ಲೆಕ್ಕ ನೀವೇ ಹೇಳಿ," ಅಂದೆ. ಅಷ್ಟೇ ಸಾಕಾಯಿತು.
ಎಂಜಿನಿದ್ದರೆ ದೋಣಿಗೆ ಎರಡು ಪಾಲು!
ಸಾಹುಕಾರರ ದೋಣಿಯಾದರೆ ಮೊದಲು ಅರ್ಧವೇ ಅವರಿಗೆ!
ಪಟ್ಟಿ ಹಲಗೆ ದಾಟಿ ಗೋಡೆಗೆ ಹೋಯಿತು,
ಸೀಮೆಸುಣ್ಣ ಬೆರಳಷ್ಟಿದ್ದದ್ದು ಉಗುರಷ್ಟಾಯಿತು.
ಆಗ ಹಿಂದಿನ ಬೆಂಚಿನ ಜುವೈರಿಯಾ ಕೇಳಿದಳು:
ಆರು ಜನ ಹೋಗಿ, ಐದು ಜನ ಬಂದರೆ?

ನಾನು ಕಳೆಯುವ ಚಿಹ್ನೆಗೆ ಕೈಯೆತ್ತಿದ್ದೆ.
"ಆರೇ," ಎಂದ ಯಾರೋ. "ಮನೆಗೆ ಕೊಡ್ತಾರೆ. ಒಂದು ವರ್ಷ."
ಎತ್ತಿದ ಕೈಯಿಂದ ಹಲಗೆ ಒರೆಸಿದೆ.
ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

ನವೆಂಬರಿಗೆ ಪರೀಕ್ಷೆ. ಪ್ರಶ್ನೆಪತ್ರಿಕೆ
ಟಾಂಗಾದಿಂದ ಮೊಹರು ಬಿದ್ದು ಬಂತು.
ಅದೇ ಐವರು. ಈ ಸಲ ನಲವತ್ತು ಮೀನು.
ಮೊದಲೇ ಹೇಳಿಕೊಟ್ಟಿದ್ದೆ, ಸ್ವಲ್ಪ ತಲೆ ತಗ್ಗಿಸಿಯೇ:
ಅಲ್ಲಿ, ಅವರು ಕೇಳಿದಷ್ಟನ್ನೇ ಬರೆಯಿರಿ.

ಹೆಮೆದಿ ಬರೆದ: ಎಂಟು.
ಐದೇ ಮನೆ, ಗೆರೆ ನೆಟ್ಟಗೆ. ಪೂರ್ತಿ ಅಂಕ.
ಹಾಳೆಯ ತಳದಲ್ಲಿ, ಪೆನ್ಸಿಲಿನಲ್ಲಿ,
ಹೆಬ್ಬೆರಳಷ್ಟು ಒಂದು ದೋಣಿ.
ಒಳಗೆ ಏನಿಲ್ಲ. ಅಡಿಯಲ್ಲೊಂದು ತೂತು.

ಉತ್ತರವಲ್ಲದ್ದನ್ನು ಅಳಿಸಬೇಕೆಂದು ನಿಯಮ.
ರಬ್ಬರು ಕೈಯಲ್ಲೇ ಇತ್ತು.
ಹಾಳೆಗಳ ಕಟ್ಟಿಗೆ ಹುರಿ ಬಿಗಿದು
ಬಸ್ಸಿನ ನೆತ್ತಿಗೆ ಹತ್ತಿಸಿದೆ.
ಹೋಗಲಿ, ಟಾಂಗಾದವರೆಗೆ, ಒಣನೆಲದ ಮೇಲೆ.